ಹುಟ್ಟಿದ್ದು ಬೈಲಕುಪ್ಪೆ, ದಾಖಲೆಯಲ್ಲಿ ಪರದೇಶಿ: ಟಿಬೆಟಿಯನ್ನರ ಪೌರತ್ವದ ಹಿನ್ನೆಲೆ

1987ರ ಜೂನ್ 30ರಂದು ಬೈಲಕುಪ್ಪೆಯಲ್ಲಿ ಒಂದು ಟಿಬೆಟಿಯನ್ ಮಗು ಹುಟ್ಟಿತು ಅಂದುಕೊಳ್ಳಿ. ಅಪ್ಪ, ಅಮ್ಮ ಇಬ್ಬರೂ ಟಿಬೆಟ್‌ನಿಂದ ಗಡಿ ದಾಟಿ ಬಂದವರು. ಕಾನೂನಿನ ಪ್ರಕಾರ ಆ ಮಗು ಭಾರತದ ಪ್ರಜೆ. ಅದೇ ಮಗು ಒಂದು ದಿನ ತಡವಾಗಿ, ಜುಲೈ 1ಕ್ಕೆ ಹುಟ್ಟಿದ್ದರೆ ಪರದೇಶಿ. ಊರು ಅದೇ, ಮನೆ ಅದೇ, ಮುಂದೆ ಕಲಿಯುವ ಕನ್ನಡವೂ ಅದೇ.

ಇಷ್ಟೇ ಆಗಿದ್ದರೆ ವಿಷಯ ಅರ್ಥ ಮಾಡಿಕೊಳ್ಳೋದು ಸುಲಭವಿತ್ತು. ಆದರೆ ಜೂನ್ 30ರ ಮಗುವನ್ನೂ ಕಚೇರಿಗಳು ದಶಕಗಳ ಕಾಲ ಪರದೇಶಿ ಎಂದೇ ಬರೆದುಕೊಂಡವು. ‘ಟಿಬೆಟಿಯನ್ನರಿಗೆ ವೋಟು ಬಂತಂತೆ’, ‘ಪಾಸ್‌ಪೋರ್ಟ್ ಕೊಡ್ತಾರಂತೆ’, ‘ಇಲ್ಲ, ಕ್ಯಾಂಪ್ ಬಿಡಬೇಕಂತೆ’ ಎನ್ನುವ ಮಾತುಗಳು ಕುಶಾಲನಗರದಿಂದ ಮುಂಡಗೋಡದವರೆಗೆ ಆಗಾಗ ಕೇಳಿಬರುತ್ತವೆ. ಈ ಮೂರೂ ಮಾತಿನಲ್ಲಿ ನಿಜ ಇದೆ. ಅದಕ್ಕೇ ಮೊದಲಿನಿಂದ ನೋಡಬೇಕು.

ದಲೈ ಲಾಮಾ ಭಾರತದ ಗಡಿಯೊಳಗೆ ಬಂದದ್ದು 1959ರ ಮಾರ್ಚ್ 31ರಂದು. ಅವರ ಹಿಂದೆ ಸಾವಿರಾರು ಜನ ಬಂದರು. ತುಂಬಾ ಮಂದಿ ಮೊದಲು ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸಕ್ಕೆ ಸೇರಿದರು. ಇವರಿಗೆ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಜಮೀನು ಗುತ್ತಿಗೆಗೆ ಸಿಕ್ಕಿತು. 1960ರ ಕೊನೆಗೆ ಮೊದಲ ತಂಡ ಬಂತು. ಹಿಮದ ನಾಡಿನವರು ಇಲ್ಲಿನ ಸೆಕೆಯಲ್ಲಿ ಮರ ಕಡಿದು, ಬುಡ ಕಿತ್ತು, ರಾತ್ರಿ ಆನೆ ಕಾದು, ಮುಸುಕಿನ ಜೋಳ ಬೆಳೆದರು. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆಮೇಲೆ 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯದೇ ಎರಡನೇ ವಸತಿ, 1972ರಲ್ಲಿ ಹುಣಸೂರಿನ ಹತ್ತಿರ ಒಂದು, 1974ರಲ್ಲಿ ಕೊಳ್ಳೇಗಾಲದ ಕಡೆ ಇನ್ನೊಂದು. ಹೀಗೆ ಕರ್ನಾಟಕದಲ್ಲಿ ಐದು ವಸತಿಗಳಾದವು. ಜನ ಕ್ಯಾಂಪ್ ಎನ್ನುವುದು ಇವನ್ನೇ.

ಬಂದವರು ನಿರಾಶ್ರಿತರು, ಸರಿ. ಇಲ್ಲಿ ಹುಟ್ಟಿದವರು ಯಾರು?

ಇದಕ್ಕೆ ಉತ್ತರ ಅವರು ಬರುವ ಮೊದಲೇ ನಮ್ಮ ಕಾನೂನಿನಲ್ಲಿತ್ತು. 1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ಪೌರತ್ವದ ವಿಧಿ ಚರ್ಚೆಗೆ ಬಂದಾಗ, ಇನ್ನೊಂದು ವಿಧಿಯನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟದ್ದು ಬೇರೆ ಇಲ್ಲ ಎಂದು ಅಂಬೇಡ್ಕರ್ ಹೇಳಿದ್ದರು. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಅತ್ತಿಂದಿತ್ತ ಓಡಾಡುತ್ತಿದ್ದ ಕಾಲ ಅದು. ಧರ್ಮ ನೋಡಿ ಪೌರತ್ವ ಕೊಡಬೇಕು ಎಂದು ವಾದಿಸಿದವರೂ ಆ ಸಭೆಯಲ್ಲಿದ್ದರು. ಸಭೆ ಒಪ್ಪಲಿಲ್ಲ. 1955ರ ಪೌರತ್ವ ಕಾಯ್ದೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1950ರ ಜನವರಿ 26ರಿಂದ ಈಚೆಗೆ ಭಾರತದ ನೆಲದಲ್ಲಿ ಹುಟ್ಟಿದ ಪ್ರತಿಯೊಬ್ಬರೂ ಹುಟ್ಟಿನಿಂದಲೇ ಪ್ರಜೆ ಎಂದಿತು. ವಿದೇಶಿ ರಾಯಭಾರಿಗಳ ಮಕ್ಕಳು, ಶತ್ರು ದೇಶದ ವಶದಲ್ಲಿರುವ ಜಾಗದಲ್ಲಿ ಹುಟ್ಟಿದ ಶತ್ರು ದೇಶದವರ ಮಕ್ಕಳು ಇದಕ್ಕೆ ಹೊರತು. ಅಪ್ಪ ಅಮ್ಮ ಯಾವ ದೇಶದವರು, ಯಾವ ಧರ್ಮದವರು ಎನ್ನುವ ಪ್ರಶ್ನೆಯೇ ಅಲ್ಲಿ ಇರಲಿಲ್ಲ.

ಮುಂದೆ ಆ ಬಾಗಿಲು ಎರಡು ಹಂತದಲ್ಲಿ ಕಿರಿದಾಯಿತು. ಅಸ್ಸಾಂ ಚಳವಳಿ, 1985ರ ಅಸ್ಸಾಂ ಒಪ್ಪಂದ, ಬಾಂಗ್ಲಾದೇಶ ಮತ್ತು ಶ್ರೀಲಂಕಾದಿಂದ ಬರುವವರ ಬಗೆಗಿನ ಆತಂಕ, ಇವೆಲ್ಲ ಸೇರಿ 1986ರ ತಿದ್ದುಪಡಿಯಾಯಿತು. 1987ರ ಜುಲೈ 1ರಿಂದ ಹುಟ್ಟುವ ಮಗುವಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಭಾರತದ ಪ್ರಜೆ ಆಗಿರಬೇಕು. 2003ರ ತಿದ್ದುಪಡಿ ಇನ್ನೂ ಬಿಗಿ. ಅದು ಜಾರಿಯಾದ 2004ರ ಡಿಸೆಂಬರ್ 3ರಿಂದ ಇಬ್ಬರೂ ಪ್ರಜೆಗಳಾಗಿರಬೇಕು, ಅಥವಾ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಈ ಎರಡೂ ತಿದ್ದುಪಡಿ ಮಾಡುವಾಗ ಯಾರ ಮನಸ್ಸಿನಲ್ಲೂ ಟಿಬೆಟಿಯನ್ನರು ಇದ್ದಂತೆ ಕಾಣುವುದಿಲ್ಲ. ಬ್ರಹ್ಮಪುತ್ರದ ದಂಡೆಯ ಜಗಳಕ್ಕೆ ಹಾಕಿದ ಗೆರೆ ಕಾವೇರಿ ಸೀಮೆಯ ಮನೆಗಳ ನಡುವೆಯೂ ಹಾದುಹೋಯಿತು.

ಇಲ್ಲೊಂದು ಸೂಕ್ಷ್ಮ ಇದೆ. ತುಂಬಾ ಜನ ಇದನ್ನು ಗಮನಿಸಿಲ್ಲ. 1965ರಲ್ಲಿ ಬೈಲಕುಪ್ಪೆಯಲ್ಲಿ ಹುಟ್ಟಿದ ಹೆಣ್ಣುಮಗಳು 1955ರ ಕಾಯ್ದೆಯಂತೆ ಭಾರತದ ಪ್ರಜೆ. ಆಕೆಗೆ 1990ರಲ್ಲಿ ಇಲ್ಲೇ ಮಗಳು ಹುಟ್ಟಿದರೆ? ಅಮ್ಮ ಪ್ರಜೆಯಾದ ಕಾರಣ ಮಗಳೂ ಪ್ರಜೆ. ಕಾಯ್ದೆಯ ಮಾತನ್ನು ಇದ್ದ ಹಾಗೇ ಓದಿದರೆ, 1987ರ ಗೆರೆಯ ಈಚೆಗೆ ಹುಟ್ಟಿದವರಲ್ಲೂ ಬೇಕಾದಷ್ಟು ಮಂದಿ ಹುಟ್ಟಿನಿಂದಲೇ ಭಾರತೀಯರು.

ಆದರೆ ಕಾಯ್ದೆ ಒಂದು, ಕಚೇರಿ ಇನ್ನೊಂದು. ಕ್ಯಾಂಪಿನವರ ಬದುಕು ನಡೆದದ್ದು ಆರ್‌ಸಿ ಎನ್ನುವ ನೋಂದಣಿ ಪುಸ್ತಕದ ಮೇಲೆ. ವಿದೇಶಿಯರ ನೋಂದಣಿಗಾಗಿ ಬ್ರಿಟಿಷರ ಕಾಲದಲ್ಲಿ, 1939ರಲ್ಲಿ ಮಾಡಿದ ಕಾಯ್ದೆಯಡಿ ಕೊಡುತ್ತಿದ್ದ ದಾಖಲೆ ಅದು. ಫೋಟೊ, ಹೆಸರು, ಹುಟ್ಟಿದ ಜಾಗ, ಮುಂದಿನ ಹಾಳೆಗಳಲ್ಲಿ ಸಾಲು ಸಾಲು ನವೀಕರಣದ ಮೊಹರುಗಳು. ಹುಟ್ಟಿದ ಜಾಗದ ಮುಂದೆ ಬೈಲಕುಪ್ಪೆ, ಮೈಸೂರು ಜಿಲ್ಲೆ ಎಂದಿದ್ದರೂ ಅದೇ ಪುಸ್ತಕ. ದಪ್ತರದ ಪ್ರಕಾರ ಅವರು ವಿದೇಶಿ. ವಿದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ. ಅದರ ಜೊತೆಗೆ, ಮತ್ತೆ ಭಾರತಕ್ಕೆ ವಾಪಸ್ ಬರಲು ಆಕ್ಷೇಪಣೆ ಇಲ್ಲ ಎನ್ನುವ ಅನುಮತಿ. ಹುಟ್ಟಿದ ಮನೆಗೆ ವಾಪಸ್ ಬರಲು ಇನ್ನೊಬ್ಬರ ಸಹಿ ಬೇಕು ಎನ್ನುವುದು ಎಂಥ ಅವಸ್ಥೆ ಅಂತ ಒಮ್ಮೆ ಯೋಚಿಸಿ.

ಈ ಗಂಟು ಮೊದಲು ಸಡಿಲವಾದದ್ದು ದೆಹಲಿ ಹೈಕೋರ್ಟಿನಲ್ಲಿ. 1986ರ ಏಪ್ರಿಲ್‌ನಲ್ಲಿ ಹಿಮಾಚಲದ ಕಾಂಗ್ರಾದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರವಾಯಿತು. ಸರ್ಕಾರದ ವಾದ ಹೀಗಿತ್ತು: ಈಕೆ ಗುರುತಿನ ಪುಸ್ತಕಕ್ಕೆ ಅರ್ಜಿ ಹಾಕುವಾಗ ತಾನು ಟಿಬೆಟಿಯನ್ ಎಂದು ಬರೆದುಕೊಟ್ಟಿದ್ದಾರೆ, ಹಾಗಾಗಿ ಈಗ ಭಾರತೀಯಳು ಎನ್ನುವಂತಿಲ್ಲ. 2010ರ ಡಿಸೆಂಬರ್ 22ರಂದು ಕೋರ್ಟ್ ಇದನ್ನು ಒಪ್ಪಲಿಲ್ಲ. ಹುಟ್ಟಿನಿಂದ ಬಂದ ಪೌರತ್ವ ಒಂದು ಅರ್ಜಿಯಲ್ಲಿ ಟಿಬೆಟಿಯನ್ ಎಂದು ಬರೆದ ಮಾತ್ರಕ್ಕೆ ಹೋಗುವುದಿಲ್ಲ ಎಂದಿತು. ಪೌರತ್ವ ಬಿಡುವುದಕ್ಕೆ ಕಾಯ್ದೆಯಲ್ಲೇ ಬೇರೆ ದಾರಿ ಇದೆ. ಆಕೆ ಅದನ್ನು ಹಿಡಿದಿರಲಿಲ್ಲ.

ಈ ತೀರ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಟಿಬೆಟಿಯನ್ನರ ಆಚೆಗೂ ಇದಕ್ಕೆ ಬೆಲೆ ಇದೆ. ತಾನು ಯಾವ ಜನದವನು ಎನ್ನುವುದು ಒಂದು, ಯಾವ ದೇಶದ ಪ್ರಜೆ ಎನ್ನುವುದು ಇನ್ನೊಂದು. ಎರಡೂ ಒಬ್ಬನಲ್ಲೇ ಇರಬಹುದು. ಕೊಡವರು ಕೊಡವರಾಗಿಯೇ, ಬ್ಯಾರಿಗಳು ಬ್ಯಾರಿಗಳಾಗಿಯೇ, ಉತ್ತರ ಕನ್ನಡದ ಸಿದ್ದಿಗಳು ಸಿದ್ದಿಗಳಾಗಿಯೇ ಭಾರತೀಯರು, ಅಲ್ವಾ? ಅವರನ್ನು ಯಾರೂ ಒಂದನ್ನು ಬಿಟ್ಟು ಇನ್ನೊಂದನ್ನು ತಗೊಳ್ಳಿ ಅನ್ನುವುದಿಲ್ಲ. ಇಷ್ಟೊಂದು ಜನ, ಇಷ್ಟೊಂದು ಭಾಷೆ ಇರುವ ದೇಶ ನಡೆಯುತ್ತಿರುವುದೇ ಈ ಒಪ್ಪಂದದ ಮೇಲೆ. ಡೋಲ್ಕರ್ ಕೇಳಿದ್ದೂ ಅಷ್ಟನ್ನೇ. ಆಕೆ ಮುಂದೆ ಧರ್ಮಶಾಲಾದಲ್ಲಿ ದೇಶಭ್ರಷ್ಟ ಟಿಬೆಟಿಯನ್ ಸಂಸತ್ತಿನ ಸದಸ್ಯೆಯೂ ಆದರು.

ತೀರ್ಪೇನೋ ಬಂತು. ಆದರೆ ಅದು ಆಕೆಗೊಬ್ಬಳಿಗೇ ಎನ್ನುವ ಹಾಗೆ ಉಳಿದವರ ಅರ್ಜಿಗಳು ಮತ್ತೆ ನಿಂತವು. ಮುಂದಿನ ದೊಡ್ಡ ತೀರ್ಪು ನಮ್ಮದೇ ಹೈಕೋರ್ಟಿನದು. 1985ರಲ್ಲಿ ಭಾರತದಲ್ಲೇ ಹುಟ್ಟಿದ, ಮುಂಡಗೋಡದ ಡ್ರೆಪುಂಗ್ ಮಠದ ಬೌದ್ಧ ಗುರು ಲಿಂಗ್ ರಿಂಪೋಚೆ ಪಾಸ್‌ಪೋರ್ಟ್ ಕೇಳಿ ಬೆಂಗಳೂರಿನಲ್ಲಿ ಕೋರ್ಟಿಗೆ ಹೋಗಿದ್ದರು. 2013ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅವರನ್ನು ಹುಟ್ಟಿನಿಂದ ಭಾರತದ ಪ್ರಜೆ ಎಂದು ಒಪ್ಪಿತು. ಆ ತೀರ್ಪನ್ನು ಹಿಡಿದು 2014ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗ ಎಲ್ಲ ರಾಜ್ಯಗಳಿಗೆ ಪತ್ರ ಬರೆಯಿತು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರಿಗೆ ಮತದಾರರ ಪಟ್ಟಿಯಲ್ಲಿ ಜಾಗ ನಿರಾಕರಿಸಬೇಡಿ ಎಂದಿತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಕೆಲವು ಟಿಬೆಟಿಯನ್ನರು ಮೊದಲ ಸಲ ಮತ ಹಾಕಿದರು.

ಹೀಗೆ ಒಬ್ಬರೇ ಮತಗಟ್ಟೆಯಲ್ಲಿ ಭಾರತೀಯರು, ಪಾಸ್‌ಪೋರ್ಟ್ ಕೌಂಟರಿನಲ್ಲಿ ಟಿಬೆಟಿಯನ್ನರು, ಆರ್‌ಸಿ ನವೀಕರಣಕ್ಕೆ ಹೋದರೆ ವಿದೇಶಿಯರು. ಮತ್ತೆ ಕೆಲವರು ದೆಹಲಿ ಹೈಕೋರ್ಟಿಗೆ ಹೋದರು. 2016ರ ಸೆಪ್ಟೆಂಬರ್‌ನಲ್ಲಿ ಕೋರ್ಟ್, ಈ ಅವಧಿಯಲ್ಲಿ ಇಲ್ಲಿ ಹುಟ್ಟಿದವರಿಗೆ ಪಾಸ್‌ಪೋರ್ಟ್ ನಿರಾಕರಿಸುವ ಹಾಗಿಲ್ಲ ಎಂದು ಖಡಾಖಂಡಿತವಾಗಿ ಹೇಳಿತು. 2017ರಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ಸೂಚನೆ ಹೋಯಿತು. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಷರತ್ತುಗಳು ಬಂದವು. ಆರ್‌ಸಿ ಮತ್ತು ಹಳದಿ ಪುಸ್ತಕ ವಾಪಸ್ ಕೊಡಬೇಕು. ನಿರಾಶ್ರಿತರಿಗೆ ಸಿಗುವ ಸೌಲಭ್ಯ ಬಿಡಬೇಕು. ಟಿಬೆಟಿಯನ್ ವಸತಿಯಲ್ಲಿ ವಾಸ ಮಾಡಬಾರದು.

ಮೊದಲ ಎರಡು ಷರತ್ತು ಅರ್ಥವಾಗುತ್ತವೆ. ಪ್ರಜೆಯಾದವರಿಗೆ ವಿದೇಶಿಯ ದಾಖಲೆ ಯಾಕೆ? ಕಷ್ಟ ಇರುವುದು ಮೂರನೆಯದರಲ್ಲಿ. ಕ್ಯಾಂಪಿನ ಜಮೀನು ನಿರಾಶ್ರಿತರಿಗೆಂದು ಕೊಟ್ಟದ್ದು, ಪ್ರಜೆಗಳಾದವರು ಅಲ್ಲಿರುವುದು ಹೇಗೆ ಎನ್ನುವ ತರ್ಕದಲ್ಲಿ ಹುರುಳಿಲ್ಲ ಎನ್ನಲಾಗದು. ಸುತ್ತಲಿನ ಹಳ್ಳಿಯ ರೈತರಿಗೂ ಜಮೀನಿನ ಬಗ್ಗೆ ಅವರದೇ ಪ್ರಶ್ನೆಗಳಿವೆ. ಆದರೆ ಅಪ್ಪ ಕಡಿದ ಕಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಆ ಮನೆ, ವಯಸ್ಸಾದ ತಾಯಿ, ಪಕ್ಕದ ಮಠ, ಎಲ್ಲವನ್ನೂ ಬಿಟ್ಟು ಬಂದರೆ ಮಾತ್ರ ಹುಟ್ಟಿನ ಹಕ್ಕು ಕೈಗೆ ಎನ್ನುವುದು ನನಗಂತೂ ನ್ಯಾಯ ಅನಿಸುವುದಿಲ್ಲ. ಹುಟ್ಟಿನಿಂದ ಬಂದದ್ದಕ್ಕೆ ಬೆಲೆ ಕಟ್ಟುವ ಮಾತು 1955ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಟಿಬೆಟಿಯನ್ನರ ಒಳಗೂ ಒಮ್ಮತ ಇಲ್ಲ. ಎಲ್ಲರೂ ಭಾರತೀಯರಾಗಿಬಿಟ್ಟರೆ ಟಿಬೆಟ್‌ನ ಹೋರಾಟ ಯಾರದ್ದು ಎಂದು ಹಿರಿಯರು ಕೇಳುತ್ತಾರೆ. ನಿರಾಶ್ರಿತರಾಗಿ ಉಳಿಯುವುದೇ ಅವರಿಗೆ ಊರಿಗೆ ಹಿಂತಿರುಗುವ ಆಸೆಯ ಸಾಕ್ಷಿ. ಕಿರಿಯರಿಗೆ ಕಾಲೇಜು, ಕೆಲಸ, ಬ್ಯಾಂಕ್ ಸಾಲದ ಚಿಂತೆ. ಧರ್ಮಶಾಲಾದ ಆಡಳಿತ ಇದು ಅವರವರ ಸ್ವಂತ ತೀರ್ಮಾನ ಎಂದು ಹೇಳಿ, ಒತ್ತಾಯವನ್ನೂ ಮಾಡದೆ ಅಡ್ಡಿಯನ್ನೂ ಮಾಡದೆ ನಿಂತಿದೆ. ಈ ನಡುವೆ ಜನ ಅಮೆರಿಕ, ಕೆನಡಾ, ಯುರೋಪಿನ ಕಡೆ ಹೊರಟುಹೋಗುತ್ತಿದ್ದಾರೆ. 2009ರಲ್ಲಿ ಅವರದೇ ಆಡಳಿತ ಮಾಡಿಸಿದ ಎಣಿಕೆಯಲ್ಲಿ ಭಾರತದಲ್ಲಿ 94,203 ಟಿಬೆಟಿಯನ್ನರಿದ್ದರು. ಆಮೇಲೆ ಸಂಖ್ಯೆ ಇಳಿಯುತ್ತಲೇ ಬಂದಿದೆ.

ಇವರ ನಿಷ್ಠೆ ಯಾವ ಕಡೆ ಎಂದು ಕೇಳುವವರಿಗೆ ಒಂದು ವಿಷಯ ನೆನಪಿಸಬೇಕು. 1962ರ ಚೀನಾ ಯುದ್ಧದ ಸಮಯದಲ್ಲಿ ಟಿಬೆಟಿಯನ್ ಯುವಕರನ್ನು ಸೇರಿಸಿ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್ ಕಟ್ಟಿದರು. 1971ರಲ್ಲಿ ಆ ಪಡೆ ಚಿತ್ತಗಾಂಗ್ ಬೆಟ್ಟಗಳಲ್ಲಿ ಹೋರಾಡಿತು. 50ಕ್ಕೂ ಹೆಚ್ಚು ಟಿಬೆಟಿಯನ್ ಯೋಧರು ಸತ್ತರು. ಗುಪ್ತ ಪಡೆಯಾದ್ದರಿಂದ ಆಗ ಅವರ ಹೆಸರು ಹೊರಗೆ ಬರಲಿಲ್ಲ. 2020ರ ಆಗಸ್ಟ್ ಕೊನೆಗೆ ಲಡಾಖ್ ಗಡಿಯಲ್ಲಿ ನೆಲಬಾಂಬ್ ಸಿಡಿದು ಅದೇ ಪಡೆಯ ನ್ಯಿಮಾ ತೆನ್‌ಜಿನ್ ತೀರಿಕೊಂಡರು. ಲೇಹ್‌ನಲ್ಲಿ ನಡೆದ ಅಂತ್ಯಸಂಸ್ಕಾರದಲ್ಲಿ ಭಾರತದ ಧ್ವಜವೂ ಇತ್ತು, ಟಿಬೆಟ್‌ನ ಧ್ವಜವೂ ಇತ್ತು.

2019ರ ಪೌರತ್ವ ತಿದ್ದುಪಡಿ ಬಂದಾಗ ಕೆಲವರು ಟಿಬೆಟಿಯನ್ನರಿಗೂ ದಾರಿ ಆಗಬಹುದು ಅಂದುಕೊಂಡರು. ಆಗಲಿಲ್ಲ. ಅದರಲ್ಲಿರುವುದು ಪಾಕಿಸ್ತಾನ, ಅಫ್ಘಾನಿಸ್ತಾನ, ಬಾಂಗ್ಲಾದೇಶ ಮಾತ್ರ. ಅದು ಹೇಳುವ ಧರ್ಮಗಳ ಪಟ್ಟಿಯಲ್ಲಿ ಬೌದ್ಧರಿದ್ದಾರೆ, ಆದರೆ ಟಿಬೆಟ್‌ನಿಂದ ಬಂದ ಬೌದ್ಧರಿಗೆ ಅದು ಅನ್ವಯಿಸುವುದಿಲ್ಲ.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಅಧಿಸೂಚನೆ ತೆಗೆದು ನೋಡಿ. ಐಎಎಸ್, ಐಪಿಎಸ್ ಬಿಟ್ಟು ಉಳಿದ ಹಲವು ಸೇವೆಗಳಿಗೆ, ಭಾರತದಲ್ಲೇ ಕಾಯಂ ನೆಲೆಸುವ ಉದ್ದೇಶದಿಂದ 1962ರ ಜನವರಿ 1ರ ಮೊದಲು ಬಂದ ಟಿಬೆಟಿಯನ್ ನಿರಾಶ್ರಿತರೂ ಅರ್ಜಿ ಹಾಕಬಹುದು ಎನ್ನುವ ಸಾಲು ಅಲ್ಲಿದೆ. ಹಾಗೆ ಬಂದವರಲ್ಲಿ ತೀರಾ ಕಿರಿಯರಿಗೂ ಈಗ 60 ದಾಟಿದೆ. ಅವರ ಮೊಮ್ಮಕ್ಕಳು ಬೈಲಕುಪ್ಪೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಪದವಿ ಮುಗಿಸಿ, ಪರೀಕ್ಷೆ ಬರೆಯುವ ವಯಸ್ಸಿಗೆ ಬಂದಿದ್ದಾರೆ. ಅರ್ಜಿಯಲ್ಲಿ ಪೌರತ್ವದ ಮುಂದೆ ಏನು ಬರೆಯಬೇಕು ಎನ್ನುವುದಕ್ಕೆ ಅವರಿಗೆ ಇನ್ನೂ ಒಂದೇ ಮಾತಿನ ಉತ್ತರ ಸಿಕ್ಕಿಲ್ಲ.