ಕನ್ನಡಿಯೊಳಗಿನ ಗಂಟು ನಂಬಿ ಡಿಲೀಟ್ ಒತ್ತಬೇಡಿ

"ಫೋನ್ ಫುಲ್ ಆಗಿತ್ತು ಸರ್. ಫೋಟೋ ಎಲ್ಲ ಕಂಪ್ಯೂಟರ್‌ನಲ್ಲೂ ಕಾಣ್ತಿತ್ತು. ಅದಕ್ಕೇ ಫೋನಲ್ಲಿದ್ದದ್ದನ್ನ ಡಿಲೀಟ್ ಮಾಡಿದೆ. ಈಗ ಎರಡರಲ್ಲೂ ಇಲ್ಲ."

ಚಿಕ್ಕಮಗಳೂರಿನ ನಮ್ಮ ಅಂಗಡಿಗೆ ಈ ಮಾತು ಹೇಳಿಕೊಂಡು ಬರುವವರು ಕಡಿಮೆಯಾಗುತ್ತಲೇ ಇಲ್ಲ. ತೋಟದವರು, ಹೋಂಸ್ಟೇ ನಡೆಸುವವರು, ರಿಟೈರ್ ಆದ ಮೇಷ್ಟ್ರುಗಳು, ಕಾಲೇಜು ಹುಡುಗರು, ಎಲ್ಲರೂ ಬರುತ್ತಾರೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಸಿಟ್ಟೂ ಬರುತ್ತದೆ. ಫೋನ್ ಕೈಗೆ ಕೊಡುವಾಗ ಈ ಒಂದು ವಿಷಯವನ್ನು ಬಿಡಿಸಿ ಹೇಳದೆ ಕಳಿಸುತ್ತಾರಲ್ಲ, ಅವರ ಮೇಲೆ.

ಒಂದೇ ಅಕೌಂಟಿನಲ್ಲಿ ಇರುವುದನ್ನು ಫೋನ್, ಕಂಪ್ಯೂಟರ್ ಎರಡರಲ್ಲೂ ಒಂದೇ ಥರ ಕಾಣುವ ಹಾಗೆ ಇಡುವುದಕ್ಕೆ ಸಿಂಕ್ ಎನ್ನುತ್ತಾರೆ. ಅದನ್ನೇ ನೀವು ಕಾಪಿ ಎಂದುಕೊಂಡಿದ್ದೀರಿ. ತಪ್ಪಾಗುವುದು ಅಲ್ಲೇ.

ನಿಮ್ಮ ಮನೆಯ ಮೇಲೆ ಒಂದು ನೀರಿನ ಟ್ಯಾಂಕ್ ಇದೆ. ಅಡುಗೆಮನೆಯಲ್ಲೊಂದು ನಲ್ಲಿ, ಬಚ್ಚಲಲ್ಲೊಂದು ನಲ್ಲಿ. ಎರಡರಲ್ಲೂ ನೀರು ಬರುತ್ತದೆ ಎಂದ ಮಾತ್ರಕ್ಕೆ ಎರಡು ಟ್ಯಾಂಕ್ ಇದೆ ಎಂದು ಅರ್ಥವೇ? ಬಚ್ಚಲಿನ ನಲ್ಲಿ ಬಿಟ್ಟು ಟ್ಯಾಂಕ್ ಖಾಲಿ ಮಾಡಿದರೆ ಅಡುಗೆಮನೆಯಲ್ಲೂ ನೀರಿಲ್ಲ. ಗೂಗಲ್ ಫೋಟೋಸ್ ಹೀಗೇ ಕೆಲಸ ಮಾಡುತ್ತದೆ. ನಿಮ್ಮ ಅಕೌಂಟ್ ಆ ಟ್ಯಾಂಕ್. ಫೋನ್ ಒಂದು ನಲ್ಲಿ, ಕಂಪ್ಯೂಟರಿನ ಬ್ರೌಸರ್ ಇನ್ನೊಂದು ನಲ್ಲಿ. ಫೋನಿನ ಗೂಗಲ್ ಫೋಟೋಸ್‌ನಲ್ಲಿ ಒಂದು ಚಿತ್ರ ಅಳಿಸಿದರೆ ಅಕೌಂಟಿನಿಂದಲೇ ಹೋಗುತ್ತದೆ. ಕಂಪ್ಯೂಟರಿನಲ್ಲಿ ಅಳಿಸಿದರೂ ಅಷ್ಟೇ. ಐಫೋನಿನವರು ಐಕ್ಲೌಡ್ ಫೋಟೋಸ್ ಆನ್ ಮಾಡಿದ್ದರೆ ಅಲ್ಲೂ ಇದೇ ನಿಯಮ. ಕಂಪ್ಯೂಟರ್ ಪರದೆಯ ಮೇಲೆ ನೀವು ನೋಡಿದ್ದು ಕನ್ನಡಿಯೊಳಗಿನ ಗಂಟು. ಕಾಣುತ್ತಿತ್ತು, ಕಂಪ್ಯೂಟರಿನ ಒಳಗೆ ಇರಲಿಲ್ಲ.

"ಹಾಗಾದ್ರೆ ಬ್ಯಾಕಪ್ ಆಗಿದೆ ಅಂತ ಬರೆದಿತ್ತಲ್ಲ ಸರ್?" ಎಂದು ಕೇಳುತ್ತಾರೆ. ಆಗಿತ್ತು, ನಿಜ. ಫೋನ್ ಕಳೆದುಹೋದರೆ, ಭದ್ರಾ ಹೊಳೆಗೆ ಬಿದ್ದರೆ ಆ ಬ್ಯಾಕಪ್ ನಿಮ್ಮನ್ನು ಕಾಯುತ್ತದೆ. ನೀವೇ ಡಿಲೀಟ್ ಒತ್ತಿದರೆ ಕಾಯುವುದಿಲ್ಲ. ನಿಮ್ಮ ಮಾತನ್ನು ಅದು ಎಲ್ಲ ಕಡೆ ಪಾಲಿಸುತ್ತದೆ. ಫೋನಿನ ಜಾಗ ಮಾತ್ರ ಖಾಲಿ ಮಾಡಬೇಕಿದ್ದರೆ ಅದೇ ಆ್ಯಪ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಎಂದು ಬೇರೆಯೇ ಇದೆ. ಅದು ಬ್ಯಾಕಪ್ ಆದವನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ, ಅಕೌಂಟಿನಲ್ಲಿ ಉಳಿಸುತ್ತದೆ. ಫೋನ್ ಕಂಪನಿಗಳು ಕೊಡುವ ಬೇರೆ ಗ್ಯಾಲರಿ ಆ್ಯಪ್‌ಗಳು ಒಂದೊಂದು ಒಂದೊಂದು ಥರ. ನಿಮ್ಮ ಫೋನ್ ಕಣ್ಣಾರೆ ನೋಡದೆ ಅವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಳೆದ ವರ್ಷ ಆಲ್ದೂರು ಕಡೆಯ ಒಬ್ಬ ಮೇಷ್ಟ್ರು ಬಂದಿದ್ದರು. ಮುಂಗಾರು ಶುರುವಾದ ವಾರವೇ ಫೋನ್ ಪೂರ್ತಿ ಖಾಲಿ ಮಾಡಿಕೊಂಡಿದ್ದರಂತೆ. ಅದರಲ್ಲಿ ಅವರ ತಾಯಿಯ ಕೊನೆಯ ಎರಡು ವರ್ಷದ ಚಿತ್ರಗಳಿದ್ದವು. ಶಾವಿಗೆ ಒತ್ತುತ್ತಾ ಕೂತದ್ದು, ಜಗುಲಿಯಲ್ಲಿ ಅಡಿಕೆ ಹಾಕಿಕೊಳ್ಳುತ್ತಿದ್ದದ್ದು, ಮೊಮ್ಮಗಳಿಗೆ ಹಾಡು ಹೇಳಿಕೊಟ್ಟ ವಿಡಿಯೋ. ಎರಡು ದಿನದಲ್ಲೇ ಫೋಟೋ ಇಲ್ಲ ಎಂದು ಗೊತ್ತಾಗಿದೆ. ಆದರೆ ಜಡಿಮಳೆ, ರಸ್ತೆ ಸರಿಯಿಲ್ಲ, ಹಬ್ಬ ಕಳೆಯಲಿ ಎಂದು ಸುಮ್ನೆ ಇದ್ದುಬಿಟ್ಟಿದ್ದಾರೆ. ಗೌರಿ ಗಣೇಶ ಮುಗಿಸಿ ಬಂದರು.

ಬ್ಯಾಕಪ್ ಆಗಿದ್ದ ಚಿತ್ರ ಅಳಿಸಿದರೆ ಗೂಗಲ್ ಫೋಟೋಸ್ ಅದನ್ನು 60 ದಿನ ಕಸದ ಬುಟ್ಟಿಯಲ್ಲಿ ಇಟ್ಟಿರುತ್ತದೆ. ಐಕ್ಲೌಡ್‌ನಲ್ಲಿ 30 ದಿನ. ಅಷ್ಟರೊಳಗೆ ತೆರೆದು 'ರಿಸ್ಟೋರ್' ಒತ್ತಿದರೆ ಸಾಕು, ಎಲ್ಲ ವಾಪಸ್. ಮೇಷ್ಟ್ರ ಬುಟ್ಟಿ ತೆರೆದಾಗ ಖಾಲಿಯಾಗಿತ್ತು. ಅವರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ ಬೆಂಗಳೂರಿನಲ್ಲಿದ್ದ ಮಗಳಿಗೆ ಫೋನ್ ಮಾಡಿಸಿದೆ. ಅಪ್ಪ ಯಾವಾಗಲೋ ವಾಟ್ಸಾಪ್‌ನಲ್ಲಿ ಕಳಿಸಿದ್ದ ಹನ್ನೊಂದು ಚಿತ್ರ ಆಕೆಯ ಹತ್ತಿರ ಸಿಕ್ಕವು. ಹಾಡಿನ ವಿಡಿಯೋ ಸಿಗಲಿಲ್ಲ. ಅವತ್ತು ಅವರಿಂದ ದುಡ್ಡು ತಗೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹಾಗಾದರೆ ನಿಜವಾದ ಕಾಪಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಂಪ್ಯೂಟರಿನ ನೆಟ್ ಆಫ್ ಮಾಡಿ. ಈಗ ಆ ಫೋಟೋ ದೊಡ್ಡದಾಗಿ ತೆರೆಯಿರಿ. ವಿಡಿಯೋ ಇದ್ದರೆ ಕೊನೆವರೆಗೂ ಓಡಿಸಿ. ಓಡಿದರೆ ಅದು ಕಂಪ್ಯೂಟರಿನೊಳಗೆ ಇದೆ. ಮಲೆನಾಡಿನಲ್ಲಿ ನೆಟ್ ತಾನಾಗೇ ಹೋಗುತ್ತಿರುತ್ತದೆ, ಅವಾಗಲೇ ನೋಡಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಬೇಕು. ಆ ಫೋಲ್ಡರ್ ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ನ ಸಿಂಕ್ ಫೋಲ್ಡರ್ ಆಗಿರಬಾರದು. ಆಗಿದ್ದರೆ ನೆಟ್ ಇಲ್ಲದೆಯೂ ಫೈಲ್ ತೆರೆಯಬಹುದು, ಆದರೆ ಬೇರೆ ಕಡೆ ಅಳಿಸಿದರೆ ನೆಟ್ ಬಂದ ತಕ್ಷಣ ಇಲ್ಲೂ ಹೋಗುತ್ತದೆ.

ಕಾಪಿ ಮಾಡುವುದಕ್ಕೆ ನಾನು ಈಗಲೂ ಕೇಬಲ್ಲನ್ನೇ ಹೇಳುತ್ತೇನೆ. ಫೋನ್ ಕಾಣುತ್ತಿಲ್ಲ ಎಂದು ಕಂಪ್ಯೂಟರನ್ನೇ ಹೊತ್ತುಕೊಂಡು ಬರಬೇಡಿ, ಮೊದಲು ಕೇಬಲ್ ಬದಲಾಯಿಸಿ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿ ಇರುವುದೇ ಇಲ್ಲ. ಫೋನ್ ಅನ್‌ಲಾಕ್ ಆಗಿರಲಿ. ಆಂಡ್ರಾಯ್ಡ್‌ನಲ್ಲಿ ಮೇಲಿನಿಂದ ಎಳೆದರೆ ಬರುವ ಯುಎಸ್‌ಬಿ ಸೂಚನೆ ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ. ಐಫೋನ್ 'ಟ್ರಸ್ಟ್' ಎಂದು ಕೇಳಿದರೆ ಹೂಂ ಅನ್ನಿ. ಆಂಡ್ರಾಯ್ಡ್ ಆದರೆ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಿರುವ ಡಿಸಿಐಎಂ (DCIM) ಫೋಲ್ಡರ್ ತೆರೆದು ಸ್ವಲ್ಪ ಸ್ವಲ್ಪವೇ ಕಾಪಿ ಮಾಡಿ. ಕಟ್ ಮಾಡಲೇಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಯಾವುದು ಬಂತು, ಯಾವುದು ಬರಲಿಲ್ಲ ಎಂದು ಹುಡುಕುವುದೇ ಕಷ್ಟ. ಎಣಿಕೆ ಎರಡೂ ಕಡೆ ಸರಿಯಿದೆಯಾ ನೋಡಿ, ಹತ್ತಿಪ್ಪತ್ತು ಚಿತ್ರ ತೆರೆದು ನೋಡಿ.

ಇದಾದ ಮೇಲೂ ಡಿಲೀಟ್‌ಗೆ ಕೈ ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸುಟ್ಟ ಕಂಪ್ಯೂಟರುಗಳು ಪ್ರತಿವರ್ಷ ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಂಡು ಅದಕ್ಕೂ ಹಾಕಿ, ಕೇಬಲ್ ಬಿಚ್ಚಿ ಬೀರುವಿನಲ್ಲಿಡಿ. ಮಳೆಗಾಲದ ಥಂಡಿ ತಾಗದ ಹಾಗೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಇನ್ನೂ ಒಳ್ಳೆಯದು.

ಇನ್ನೆರಡು ವಿಷಯ ಇದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರಗಳ ಫೋಲ್ಡರನ್ನು ಗೂಗಲ್ ಫೋಟೋಸ್‌ನಲ್ಲಿ ನೀವೇ ಆನ್ ಮಾಡಬೇಕು, ಇಲ್ಲದಿದ್ದರೆ ಬ್ಯಾಕಪ್ ಆಗುವುದಿಲ್ಲ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋ ಮೂರೂ ಸೇರಿವೆ. ಅದು ತುಂಬಿದರೆ ಹೊಸ ಚಿತ್ರಗಳ ಬ್ಯಾಕಪ್ ನಿಲ್ಲುತ್ತದೆ, ಮೇಲ್ ಬರುವುದೂ ನಿಲ್ಲುತ್ತದೆ.

ಅಳಿಸಿಬಿಟ್ಟಿದ್ದೀರಾ? ಹಾಗಾದರೆ ಅಳಿಸಿದ ತಾರೀಖು ಬರೆದಿಟ್ಟುಕೊಳ್ಳಿ. ಬುಟ್ಟಿಯನ್ನು ಮಾತ್ರ ಖಾಲಿ ಮಾಡಬೇಡಿ. ಮಳೆ ನಿಲ್ಲಲಿ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಅಂಗಡಿವರೆಗೆ ಬರುವುದೂ ಬೇಡ. ಗೊತ್ತಿರುವವರಿಗೆ ಒಂದು ಫೋನ್ ಮಾಡಿ, ಅವರು ಹೇಳಿದ ಹಾಗೆ ನೀವೇ ಮನೆಯಲ್ಲಿ ಕೂತು ರಿಸ್ಟೋರ್ ಒತ್ತಬಹುದು. ಆಲ್ದೂರಿನ ಮೇಷ್ಟ್ರಿಗೂ ಬೇಕಾಗಿದ್ದದ್ದು ಐದು ನಿಮಿಷದ ಆ ಫೋನ್ ಕಾಲ್ ಮಾತ್ರ.