ಕ್ಯಾಸೆಟ್ ಇದೆ, ಪ್ಲೇಯರ್ ಎಲ್ಲಿ?

1860ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಎದ್ವಾರ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಒಂದು ಜಾನಪದ ಹಾಡನ್ನು ದಾಖಲಿಸಿದರು. ಅದನ್ನು ಅವರೇ ಒಂದು ಸಲವೂ ಕೇಳಲಿಲ್ಲ. ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಬಿರುಸಾದ ಒಂದು ಕೂದಲು ದನಿಯ ಕಂಪನಕ್ಕೆ ತಕ್ಕಂತೆ ಗೆರೆ ಎಳೆಯುತ್ತಿತ್ತು, ಅಷ್ಟೇ. ಆ ಗೆರೆಯನ್ನು ಮತ್ತೆ ದನಿಯಾಗಿಸುವ ಯೋಚನೆಯೇ ಅವರಿಗಿರಲಿಲ್ಲ. 2008ರಲ್ಲಿ ಅಮೆರಿಕದ ಸಂಶೋಧಕರು ಕಾಗದವನ್ನು ಸ್ಕ್ಯಾನ್ ಮಾಡಿ, ಗೆರೆಯ ಏರಿಳಿತದಿಂದ ಹಾಡನ್ನು ಹೊರತೆಗೆದರು. ಮೊದಲು ಹುಡುಗಿ ಹಾಡಿದಂತೆ ಕೇಳಿಸಿತು. ಆಮೇಲೆ ನೋಡಿದರೆ, ಎರಡು ಪಟ್ಟು ವೇಗದಲ್ಲಿ ನುಡಿಸಿದ್ದರು! ವೇಗ ಇಳಿಸಿದಾಗ ಬಂದದ್ದು ಗಂಡಸಿನ ದನಿ. ಬಹುಶಃ ಸ್ಕಾಟ್ ಅವರದೇ.

ಪ್ಲೇಯರೇ ಇಲ್ಲದೆ ಹುಟ್ಟಿದ ರೆಕಾರ್ಡಿಂಗ್ 148 ವರ್ಷ ಕಾದು ಮಾತಾಡಿತು. ನಮ್ಮ ಕಪಾಟಿನ ವಿಡಿಯೊ ಕ್ಯಾಸೆಟ್ ನಲವತ್ತಕ್ಕೇ ಮೂಕವಾಗುತ್ತಿದೆ. ವಿಚಿತ್ರ ಅಲ್ವಾ? ಗುಟ್ಟು ಇಷ್ಟೇ: ಮಸಿಯ ಗೆರೆ ಕಣ್ಣಿಗೆ ಕಾಣುತ್ತದೆ. ಟೇಪನ್ನು ಬೆಳಕಿಗೆ ಹಿಡಿದರೆ ಕಪ್ಪು-ಕಂದು ಪಟ್ಟಿ ಬಿಟ್ಟು ಏನೂ ಕಾಣುವುದಿಲ್ಲ.

1976ರಲ್ಲಿ ಬಂದ ವಿಎಚ್‌ಎಸ್ ಎಂಬ ವಿಡಿಯೊ ಕ್ಯಾಸೆಟ್ಟನ್ನೇ ನೋಡಿ. ಟೇಪ್ ಮೆಲ್ಲಗೆ ಸರಿಯುತ್ತದೆ. ಆದರೆ ಅದನ್ನು ಓದುವ ಹೆಡ್‌ಗಳಿರುವ ಡ್ರಮ್ ನಿಮಿಷಕ್ಕೆ 1,500 ಅಥವಾ 1,800 ಸುತ್ತು ತಿರುಗುತ್ತದೆ. ಹಾಗಾಗಿ ಚಿತ್ರ ಟೇಪಿನ ಮೇಲೆ ಓರೆ ಓರೆ ಪಟ್ಟಿಗಳಾಗಿ ಕೂತಿರುತ್ತದೆ. ಅದೇ ಓರೆ, ಅದೇ ವೇಗ ಇರುವ ಯಂತ್ರವೇ ಬೇಕು. ಹೆಡ್ ಸವೆಯುತ್ತಲೇ ಹೋಗುತ್ತದೆ. ಈ ಕ್ಯಾಸೆಟ್ ಓಡಿಸುವ ವಿಸಿಆರ್ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಈಗ ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ.

ಚಂದ್ರನ ಕಥೆಯೂ ಹೀಗೇ. ಮನುಷ್ಯ ಇಳಿಯುವ ಜಾಗ ಹುಡುಕಲು 1966-67ರಲ್ಲಿ ನಾಸಾ ಐದು ಲೂನಾರ್ ಆರ್ಬಿಟರ್‌ಗಳನ್ನು ಕಳಿಸಿತ್ತು. ಅವು ಕಳಿಸಿದ ಚಿತ್ರಗಳ ಮೂಲ ಟೇಪುಗಳು ಜೋಪಾನವಾಗಿಯೇ ಇದ್ದವು. ಓದಲು ಬೇಕಿದ್ದದ್ದು ಆಂಪೆಕ್ಸ್ ಎಫ್‌ಆರ್-900 ಎಂಬ, ಫ್ರಿಜ್‌ನಷ್ಟು ದೊಡ್ಡ ಯಂತ್ರ. ಅದು ಸಂತೆಯಲ್ಲಿ ಸಿಗುವಂಥದ್ದಲ್ಲ. ನಾಸಾದ ನ್ಯಾನ್ಸಿ ಎವಾನ್ಸ್ ಕೆಟ್ಟುಹೋದ ಅಂಥ ಕೆಲವು ಯಂತ್ರಗಳನ್ನು ಗುಜರಿಗೆ ಹೋಗಲು ಬಿಡದೆ ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಕೊನೆಗೆ ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರದ ಆವರಣದಲ್ಲಿ, ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ಸ್ ಕಟ್ಟಡದೊಳಗೆ, ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿ ಓಡಿಸಿದರು. 2008ರಲ್ಲಿ ಚಂದ್ರನ ಅಂಚಿನಾಚೆ ಭೂಮಿ ಕಾಣುವ 1966ರ ಚಿತ್ರ ಹೊರಬಂತು. ಆ ಕಾಲದಲ್ಲಿ ಜನ ನೋಡಿದ್ದಕ್ಕಿಂತ ಅದು ಎಷ್ಟೋ ಸ್ಪಷ್ಟವಾಗಿತ್ತು. ನನಗೆ ಕೇಳಿದರೆ, ಇಲ್ಲಿ ನಿಜವಾದ ದಾಖಲೆ ಆ ಗ್ಯಾರೇಜಿನಲ್ಲಿತ್ತು.

ಯಂತ್ರ ಅಂದರೆ ಲೋಹದ ಡಬ್ಬವೇ ಆಗಬೇಕಿಲ್ಲ. ಫೈಲಿಗೆ ತಂತ್ರಾಂಶವೇ ಯಂತ್ರ. 1992ರ ಜೆಪೆಗ್ ಚಿತ್ರದ ಫೈಲ್ ಇಂದಿಗೂ ಎಲ್ಲೆಡೆ ತೆರೆದುಕೊಳ್ಳುತ್ತದೆ. ಅದನ್ನು ಬಿಡಿಸಿ ಓದುವ ವಿಧಾನ ಎಲ್ಲರಿಗೂ ಸಿಗುವಂತೆ ಪ್ರಕಟವಾಗಿದೆ, ಬಳಸುವವರೂ ಜಾಸ್ತಿ. ಕ್ಯಾಮೆರಾ ಕಂಪನಿಗಳು ತಮ್ಮತಮ್ಮದೇ ರೀತಿಯಲ್ಲಿ ಬರೆದಿಡುವ ರಾ ಫೈಲ್‌ಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ಫಿಲ್ಮಿಗೆ ರಸಾಯನವೇ ಯಂತ್ರ. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲ್ಮಿನಲ್ಲಿ ಮೊದಲಿಗೆ ಬಣ್ಣಗಳೇ ಇರುತ್ತಿರಲಿಲ್ಲ. ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ಹಿಡಿಯುವ ಕಪ್ಪು-ಬಿಳುಪಿನ ಪದರಗಳಷ್ಟೇ ಇರುತ್ತಿದ್ದವು. ಬಣ್ಣ ಸೇರುತ್ತಿದ್ದದ್ದು ಲ್ಯಾಬಿನಲ್ಲಿ, ತೊಳೆಯುವಾಗ. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬ್ ಅಮೆರಿಕದ ಕ್ಯಾನ್ಸಸ್‌ನಲ್ಲಿತ್ತು. 2010ರ ಡಿಸೆಂಬರ್ ಮುಗಿದ ಮೇಲೆ ಅದು ಹೊಸ ರೋಲ್‌ಗಳನ್ನು ತೆಗೆದುಕೊಳ್ಳಲಿಲ್ಲ. ಯಾರದೋ ಮೇಜಿನ ಡ್ರಾಯರಿನಲ್ಲಿ ತೊಳೆಯದ ರೋಲ್ ಸಿಕ್ಕರೆ ಇಂದು ಸಾಮಾನ್ಯವಾಗಿ ಕಪ್ಪು-ಬಿಳುಪಾಗಿ ಮಾತ್ರ ತೊಳೆಯುತ್ತಾರೆ. ಮುಖಗಳು ಮೂಡಬಹುದು. ಆ ದಿನ ಹಾಕಿಕೊಂಡಿದ್ದ ಕೆಂಪು ಅಂಗಿ ಬೂದಿ ಬಣ್ಣದ್ದಾಗಿಯೇ ಬರುತ್ತದೆ.