ಸೀಲರ್ ಡಬ್ಬ ಬಿಚ್ಚುವ ಮೊದಲು ಒಂದು ಪ್ಲಾಸ್ಟಿಕ್ ಹಾಳೆ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮೈಸೂರಿನಿಂದ ಫೋನ್ ಬಂತು. "ಸಾರ್, ಹಾಲ್‌ನಲ್ಲಿ ಯಾರೋ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಎಷ್ಟು ಒರೆಸಿದ್ರೂ ಹೋಗ್ತಿಲ್ಲ." ಹೋಗುವುದಿಲ್ಲ ಅಂತ ನನಗೆ ಫೋನಿನಲ್ಲೇ ಗೊತ್ತಾಯಿತು. ಆ ಬಿಳುಪು ಇದ್ದದ್ದು ಸೀಲರಿನ ಒಳಗೆ, ಅಂದರೆ ಕಾಂಕ್ರೀಟ್ ನೆಲ ಕಾಪಾಡಲು ಹಚ್ಚುವ ದ್ರವದ ಪದರದೊಳಗೆ. ಆ ಸೀಲರ್ ಹೊಡೆಸಿದ್ದು ನಾನೇ, ಏಪ್ರಿಲ್‌ನಲ್ಲಿ.

ಹೊಸ ಮನೆ, ಗ್ರೌಂಡ್ ಫ್ಲೋರ್. ಟೈಲ್ಸ್ ಬೇಡ, ಕಾಂಕ್ರೀಟ್ ನೆಲವೇ ಚೆಂದ ಎಂದಿದ್ದರು. ಆದರೆ ಹೊಳಪು ಬೇಕಿತ್ತು. ಸಾಲ್ವೆಂಟ್ ಬೇಸಿನ, ಅಂದರೆ ನೀರಿನ ಬದಲು ಥಿನ್ನರ್‌ನಂಥ ದ್ರವದಲ್ಲಿ ಕಲಸಿದ, ಅಕ್ರಿಲಿಕ್ ಸೀಲರ್ ಎರಡು ಕೋಟ್ ಹಾಕಿಸಿದೆ. ಗೃಹಪ್ರವೇಶದ ದಿನ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಮಳೆ ಹಿಡಿಯಿತು. ಮಣ್ಣಿನ ತೇವ ಕಾಂಕ್ರೀಟಿನೊಳಗೆ ಏರಿತು, ಮೇಲೆ ಬಂದು ಸೀಲರಿನ ಪೊರೆಗೆ ತಾಗಿ ಅಲ್ಲೇ ನಿಂತಿತು. ಕಾಂಕ್ರೀಟ್ ಹಾಕುವಾಗ ತೇವ ಏರದ ಹಾಗೆ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿದ್ದರಾ ಅಂತ ನಾನು ಒಂದು ಮಾತು ಕೇಳಿರಲಿಲ್ಲ. ಹಾಸಿರಲಿಲ್ಲ.

ಇಂಥ ಕಡೆ ಮೇಸ್ತ್ರಿಗಳು ಹೇಳುವ ಮಾತು ಒಂದೇ: "28 ದಿನ ಆಯ್ತಲ್ಲ ಸಾರ್, ಇನ್ನೇನು?" 28 ದಿನ ಅನ್ನುವುದು ಕಾಂಕ್ರೀಟ್ ಬಲ ಬರುವ ಲೆಕ್ಕ. ಒಣಗುವ ಲೆಕ್ಕ ಬೇರೆ. ಕ್ಯೂರಿಂಗ್ ನೀರು ನಿಲ್ಲಿಸಿದ ಮೇಲೆ, ಗಾಳಿ ಚೆನ್ನಾಗಿ ಆಡಿದರೆ, ಒಂದು ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಅಂತ ನಮ್ಮ ಕೆಲಸದಲ್ಲಿ ಅಂದಾಜು. 4 ಇಂಚಿನ ನೆಲ ಅಂದರೆ 4 ತಿಂಗಳು. ಅಷ್ಟು ದಿನ ಯಾರು ಕಾಯುತ್ತಾರೆ, ಅಲ್ವಾ? ಗೃಹಪ್ರವೇಶದ ಮುಹೂರ್ತ ಅಷ್ಟರಲ್ಲಿ ನಿಗದಿ ಆಗಿರುತ್ತದೆ.

ಅದಕ್ಕೇ ಈಗ ಮೊದಲ ಭೇಟಿಗೆ ನಾನು ಕ್ಯಾಟಲಾಗ್ ಒಯ್ಯುವುದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ, ಅಗಲದ ಟೇಪು ಒಯ್ಯುತ್ತೇನೆ. ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪು ಒತ್ತಿ 24 ಗಂಟೆ ಬಿಡಬೇಕು. ಬಿಸಿಲು ಬೀಳುವ ಜಾಗ ಬೇಡ. ಹೊರಗೋಡೆಯ ಮೂಲೆ, ಬಚ್ಚಲಿನ ಪಕ್ಕ, ನಡುಮನೆ, ಹೀಗೆ ಮೂರು ಕಡೆ ಇಟ್ಟರೆ ಒಳ್ಳೆಯದು. ಮಾರನೇ ದಿನ ಹಾಳೆಯ ಒಳಗೆ ಹನಿ ಕಟ್ಟಿದ್ದರೆ, ಇಲ್ಲವೇ ಅಡಿಯ ನೆಲ ಕಪ್ಪಾಗಿದ್ದರೆ ಪೊರೆ ಕಟ್ಟುವ ಯಾವ ಸೀಲರೂ ಅಲ್ಲಿ ಬೇಡ. ಮಾರ್ಚ್‌ನಲ್ಲಿ ಒಣಗಿದ್ದ ನೆಲ ಆಗಸ್ಟ್‌ನಲ್ಲೂ ಹಾಗೇ ಇರುತ್ತದೆ ಅಂತಲೂ ನಂಬಬೇಡಿ. ಮಳೆಗಾಲದಲ್ಲಿ ಪಕ್ಕದ ಮನೆಯವರ ನೆಲ ಹೇಗಿರುತ್ತದೆ ಅಂತ ಕೇಳಿ ನೋಡಿ. ನಾನಂತೂ ಕೇಳುತ್ತೇನೆ.

ಇನ್ನೊಂದು ಪರೀಕ್ಷೆಗೆ ಒಂದು ಲೋಟ ನೀರು ಸಾಕು. ಅಲ್ಲಲ್ಲಿ ಹನಿ ಹಾಕಿ. ಒಂದೆರಡು ನಿಮಿಷದಲ್ಲಿ ಇಂಗಿದರೆ ಸರಿ. ಮುತ್ತಿನ ಹಾಗೆ ನಿಂತರೆ ಅಲ್ಲಿ ಎಣ್ಣೆಯೋ, ಮೇಣವೋ, ಹಳೇ ಸೀಲರೋ ಇದೆ. ಅದನ್ನು ಮೆಷಿನ್ ಹಾಕಿ ಉಜ್ಜಿ ತೆಗೆಯದೆ ಮುಂದೆ ಹೋಗುವ ಹಾಗಿಲ್ಲ. "ಆಸಿಡ್‌ನಲ್ಲಿ ತೊಳೆದುಬಿಡೋಣ" ಅನ್ನುವವರು ಇರುತ್ತಾರೆ. ಆಸಿಡ್ ಎಣ್ಣೆ ತೆಗೆಯುವುದಿಲ್ಲ, ಸಿಮೆಂಟ್ ತಿನ್ನುತ್ತದೆ. ನನ್ನ ಕೆಲಸದಲ್ಲಿ ಅದಕ್ಕೆ ಜಾಗವಿಲ್ಲ.

ಅಂಗಡಿಯಲ್ಲಿ ಹತ್ತು ಹೆಸರಿನ ಡಬ್ಬ ಇದ್ದರೂ ಜಾತಿ ಎರಡೇ. ಒಂದು ಒಳಗೆ ಇಳಿಯುವುದು, ಇನ್ನೊಂದು ಮೇಲೆ ಪೊರೆ ಕಟ್ಟುವುದು. ಲಿಥಿಯಂ ಸಿಲಿಕೇಟ್, ಸೋಡಿಯಂ ಸಿಲಿಕೇಟ್ ಮೊದಲ ಜಾತಿ. ಇವು ಕಾಂಕ್ರೀಟಿನಲ್ಲಿ ಉಳಿದ ಸುಣ್ಣದ ಅಂಶದ ಜೊತೆ ಸೇರಿ ಒಳಗೇ ಗಟ್ಟಿಯಾಗುತ್ತವೆ. ಗುಡಿಸಿದಷ್ಟೂ ಬರುವ ಸಿಮೆಂಟ್ ಧೂಳು ನಿಲ್ಲುತ್ತದೆ. ಕೆಳಗಿನ ತೇವ ಹಬೆಯಾಗಿ ಹೊರಗೆ ಹೋಗುವ ದಾರಿ ತೆರೆದೇ ಇರುತ್ತದೆ. ಹೊಳಪು ಬೇಕಾದರೆ ಅದನ್ನು ಪಾಲಿಶ್ ಮೆಷಿನ್ ಕೊಡಬೇಕು, ಡಬ್ಬ ಕೊಡುವುದಿಲ್ಲ. ಕಲೆ ತಡೆಯುವ ಶಕ್ತಿಯೂ ಇದಕ್ಕೆ ಕಡಿಮೆ.

ಪೊರೆಯ ಜಾತಿಯಲ್ಲಿ ಅಕ್ರಿಲಿಕ್ ಅಗ್ಗ, ಬೇಗ ಒಣಗುತ್ತದೆ, ಬೇಗ ಗೀರೂ ಬೀಳುತ್ತದೆ. ಪಾಲಿಯುರೆಥೇನ್ ಗಟ್ಟಿ. ನೆಲ ನಿಜವಾಗಿ ಒಣಗಿದ್ದರೆ ಅಡುಗೆಮನೆಗೆ ನಾನು ಹೇಳುವುದು ಅದನ್ನೇ, ನೀರಿನ ಬೇಸಿನದು, ಮ್ಯಾಟ್ ಫಿನಿಶ್. ಎಪಾಕ್ಸಿ ಇನ್ನೂ ದಪ್ಪ, ಆದರೆ ಕಿಟಕಿಯ ಬಿಸಿಲು ಬಿದ್ದ ಕಡೆ ಹಳದಿಯಾಗುತ್ತದೆ. ಗೋಡೌನಿಗೆ ಸರಿ.

ನಮ್ಮ ಅಡುಗೆಮನೆಯ ಕಥೆಯೇ ಬೇರೆ. ಹುಣಸೆಹುಳಿ, ನಿಂಬೆ, ಮಜ್ಜಿಗೆ ಎಲ್ಲವೂ ಹುಳಿ, ಹುಳಿ ಬಿದ್ದ ಕಡೆ ಸಿಮೆಂಟ್ ಸವೆಯುತ್ತದೆ. ಸಿಲಿಕೇಟ್ ಹಾಕಿದ ನೆಲದಲ್ಲಿ ನಿಂಬೆಹೋಳು ಒಂದು ರಾತ್ರಿ ಬಿದ್ದಿದ್ದರೆ ಬೆಳಿಗ್ಗೆ ಅದರ ಆಕಾರದಲ್ಲೇ ಮಂಕು ಗುರುತು ಕಾಣುತ್ತದೆ. ಒರೆಸಿದರೆ ಹೋಗುವ ಕಲೆ ಅದಲ್ಲ, ನೆಲವೇ ಅಷ್ಟು ಹೋಗಿರುತ್ತದೆ. ಅದಕ್ಕೆ ಮುಂದೆ ವಾರ್ಡ್‌ರೋಬ್ ಬಂದು ಮುಚ್ಚಿಹೋಗುವ ಜಾಗದಲ್ಲಿ ಮೊದಲು ಎರಡಡಿ ಸ್ಯಾಂಪಲ್ ಮಾಡಿಸುತ್ತೇನೆ. ಅದರ ಮೇಲೆ ಕಾಫಿ, ಹುಣಸೆರಸ, ಅರಿಶಿನದ ನೀರು ಹಾಕಿ ರಾತ್ರಿಯಿಡೀ ಬಿಡಿ ಅಂತ ಮನೆಯವರಿಗೇ ಹೇಳುತ್ತೇನೆ. ಅರಿಶಿನ ನೋಡಿ ಮನಸ್ಸು ಬದಲಾಯಿಸಿದವರಿದ್ದಾರೆ.

ಹಚ್ಚುವ ದಿನ ಫ್ಯಾನ್ ಆಫ್. ಗಾಳಿಗೆ ಮೇಲ್ಪದರ ಬೇಗ ಒಣಗಿ ರೋಲರಿನ ಗೆರೆ ಉಳಿಯುತ್ತದೆ. ಸಾಲ್ವೆಂಟ್ ಸೀಲರ್ ಆದರೆ ದೇವರ ದೀಪ, ಊದುಬತ್ತಿ, ಸ್ಟವ್ ಏನೂ ಉರಿಯುತ್ತಿರಬಾರದು, ಕಿಟಕಿ ತೆರೆದಿರಬೇಕು. ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆ ಬನ್ನಿ. ಗಿಡ್ಡ ಕೂದಲಿನ ರೋಲರ್, ತೆಳ್ಳಗೆ ಒಂದು ಕೋಟ್, ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು. ಹಿಂದಿನ ಪಟ್ಟಿಯ ಅಂಚು ಹಸಿಯಿರುವಾಗಲೇ ಮುಂದಿನದು ಅದಕ್ಕೆ ಕೂಡಬೇಕು. ನಡುವೆ ಟೀ ಕುಡಿಯಲು ಎದ್ದರೆ ಆ ಗೆರೆ ಮನೆ ಇರುವ ತನಕ ಕಾಣುತ್ತದೆ. ಸುಮ್ನೆ ನಿಂತು ನೋಡಿದರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಮೊಬೈಲ್ ಟಾರ್ಚನ್ನು ನೆಲಕ್ಕೆ ಮಲಗಿಸಿ ನೋಡಿ, ಬಿಟ್ಟುಹೋದ ಜಾಗ ಮಂಕಾಗಿ ಎದ್ದು ಬರುತ್ತದೆ. ಸಿಲಿಕೇಟ್ ಆದರೆ ಇದರ ಉಲ್ಟಾ: ಇಂಗದೆ ಮೇಲೆ ಉಳಿದದ್ದನ್ನು ಒಣಗುವ ಮೊದಲೇ ಒರೆಸಿ ತೆಗೆಯಬೇಕು. ಇಲ್ಲವಾದರೆ ಬಿಳಿ ಹೆಕ್ಕಳಿಕೆ ಕೂತುಬಿಡುತ್ತದೆ.

ಮೈಸೂರಿನ ಆ ನೆಲವನ್ನು ಪೂರ್ತಿ ಗ್ರೈಂಡ್ ಮಾಡಿಸಿದೆ, ಖರ್ಚು ನನ್ನದೇ. ಲಿಥಿಯಂ ಸಿಲಿಕೇಟ್ ಹಾಕಿ 800 ಗ್ರಿಟ್ ತನಕ (ಉಜ್ಜುವ ಕಲ್ಲಿನ ನುಣುಪಿನ ಅಂಕಿ) ಪಾಲಿಶ್ ಮಾಡಿಸಿದೆ. ಕನ್ನಡಿ ಹೊಳಪು ಹೋಯಿತು, ನದಿಯಲ್ಲಿ ತೊಳೆದ ಕಲ್ಲಿನ ಹಾಗಾಯಿತು. ಅಲ್ಲಿಂದ ಮೂರು ಮಳೆಗಾಲ ದಾಟಿದೆ, ಬಿಳುಪು ಬಂದಿಲ್ಲ. ಹೋದ ತಿಂಗಳು ಅದೇ ಮೇಡಂ ಮತ್ತೆ ಫೋನ್ ಮಾಡಿದ್ದರು. ಗ್ಯಾಸ್ ಸಿಲಿಂಡರಿನ ಬುಡದಲ್ಲಿ ತುಕ್ಕಿನ ಬಳೆ ಮೂಡಿದೆಯಂತೆ, ಯಾವ ಸೀಲರ್ ಹಾಕಲಿ ಅಂತ ಕೇಳಿದರು. ಸೀಲರ್ ಬೇಡಮ್ಮಾ, ಚಕ್ರದ ಸ್ಟ್ಯಾಂಡ್ ಒಂದು ತನ್ನಿ ಅಂದೆ.